ಹಸ್ಕಬಿಯ ಹದಿನೈದನೆಯ ಹೆಸರು

ಡೊರೀನ್ ಪಿಂಚ್‌ಬೆಕ್ ಅವರ ಬಗ್ಗೆ ನಾನು ಮೊದಲ ಸಲ ಬರೆದದ್ದೆಲ್ಲ ತಪ್ಪು. ಅದು ನಮ್ಮ ಬಿನ್‌ಹೋಮ್ ಚರ್ಚಿನ ತಿಂಗಳ ಪತ್ರಿಕೆಯಲ್ಲಿ ಎರಡು ಪುಟ, ನನ್ನ ಫೋಟೋ ಸಮೇತ ಅಚ್ಚಾಗಿದೆ. ಆದ್ದರಿಂದ ಬರೆದೇ ಇಲ್ಲ ಎಂದು ಸಾಧಿಸುವಂತಿಲ್ಲ.

ಆಗ ನಾನು ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಶನಿವಾರ ಬೆಳಿಗ್ಗೆ ಕಿಟಕಿಯ ಬಳಿ ಕೂತು ಟೀ ಕುಡಿಯುವಾಗ, ಕುಳ್ಳಗಿನ ಹೆಂಗಸೊಬ್ಬರು ತಳ್ಳುಗಾಡಿಯಲ್ಲಿ ಪೊರಕೆ, ಸಲಿಕೆ, ಬಕೆಟ್ಟು ಹಾಕಿಕೊಂಡು, ಕೊರಳಿಗೆ ಗೇಣುದ್ದದ ಕಬ್ಬಿಣದ ಬೀಗದ ಕೈ ತೂಗುಹಾಕಿಕೊಂಡು ದಿಬ್ಬ ಹತ್ತುವುದು ಕಾಣುತ್ತಿತ್ತು. ದಿಬ್ಬದಾಚೆ ಹಸ್ಕಬಿ. ಹಸ್ಕಬಿ ಎಂದರೆ ಊರಲ್ಲ, ಊರು ಇದ್ದ ಜಾಗ. ಹುಲ್ಲಿನಡಿ ಮನೆಗಳ ಅಡಿಪಾಯ ಉಬ್ಬಿಕೊಂಡಿದೆ. ಬೀದಿ ಇದ್ದಲ್ಲಿ ಉದ್ದನೆಯ ತಗ್ಗು, ಮೀನಿನ ಕೊಳ ಇದ್ದಲ್ಲಿ ಜವುಗು. ನಡುವೆ ಸಂತ ಬೊಟಾಲ್ಫನ ಚರ್ಚು, ಅಂದರೆ ಅರ್ಧ ಗೋಪುರ ಮತ್ತು ಮೂರು ಗೋಡೆ. ಚಾವಣಿ ಇಲ್ಲ. ಉತ್ತರದ ಗೋಡೆ ಎಂದೋ ಬಿದ್ದು ಇಡೀ ಕುರಿಮಂದೆ ಒಂದೇ ಸಲ ನುಗ್ಗುವಷ್ಟು ಬಾಯಿ ಬಿಟ್ಟಿದೆ. ಆದರೂ ದಕ್ಷಿಣದ ಗೋಡೆಗೆ ಓಕ್ ಮರದ ಬಾಗಿಲಿದೆ, ಬಾಗಿಲಿಗೆ ಬೀಗವಿದೆ. ಡೊರೀನ್ ಆ ಬೀಗ ತೆಗೆದು ಒಳಗೆ ಹೋಗಿ, ಹುಲ್ಲು ಬೆಳೆದ ನೆಲ ಗುಡಿಸಿ, ಹೊರಗೆ ಬಂದು ಮತ್ತೆ ಬೀಗ ಹಾಕುತ್ತಿದ್ದರು.

ನನಗೆ ಇಷ್ಟು ಸಾಕಾಯಿತು. ಹಸ್ಕಬಿಯ ಕೊನೆಯ ಕುಡಿ ಇವರು. ಐನೂರು ವರ್ಷಗಳಿಂದ ತಾಯಿಯಿಂದ ಮಗಳಿಗೆ ಇಳಿದು ಬಂದ ಬೀಗದ ಕೈ ಇದು. ಅಳಿದ ಊರಿನ ಅಂಗಳವನ್ನು ಇಂದಿಗೂ ಗುಡಿಸುತ್ತಿರುವ ಹಿರಿಯ ಜೀವ. ಹೀಗೆಲ್ಲ ಬರೆದೆ. ‘ಮೌನ’ ಎಂಬ ಪದ ಒಂಬತ್ತು ಸಲ ಬಂದಿತ್ತು.

ಪತ್ರಿಕೆ ಬಂದ ಮರುದಿನ ಆ ಹಿರಿಯ ಜೀವ ನನ್ನ ಬಾಗಿಲು ತಟ್ಟಿತು.

“ಇದನ್ನ ಬರ್ದೋರು ನೀವೇನಾ?”

ಹೌದೆಂದೆ, ಹೆಮ್ಮೆಯಿಂದಲೇ.

“ಫೋಟೋದಲ್ಲಿ ಕೂದ್ಲು ಜಾಸ್ತಿ ಇದೆ, ಅದ್ಕೆ ಕೇಳ್ದೆ. ನೋಡಿ, ನಾನು ಗ್ರಿಮ್ಸ್‌ಬಿಯೋಳು. ಬಂದರಲ್ಲಿ ಮೀನು ಸೀಳ್ತಿದ್ದೆ. ನಮ್ಮಮ್ಮನೂ ಮೀನೇ ಸೀಳ್ತಿದ್ಲು. ಈ ಬೀಗದ ಕೈ ಅವಳು ಕೊಟ್ಟಿದ್ದಲ್ಲ. ಚರ್ಚ್ ಕಮಿಟೀಲಿ ಯಾರೂ ಬೇಡ ಅಂದಾಗ ನನ್ ತಲೆಗೆ ಕಟ್ಟಿದ್ದು.”

“ಮತ್ತೆ ಪ್ರತಿ ವಾರ ಗುಡಿಸೋದು?”

“ಕುರಿ ಹಿಕ್ಕೆ.”

“ಅಲ್ಲ, ಆ ಪುರಾತನ ನೆಲ...”

“ಹಿಕ್ಕೆ ಕಣ್ರೀ. ಕಲ್ಲು ಬೆಚ್ಚಗಿರುತ್ತೆ ಅಂತ ಕುರಿ ಒಳಗೇ ಬಂದು ಮಲಗ್ತವೆ. ಒಂದು ವಾರ ಬಿಟ್ರೆ ಕಾಲಿಡೋಕಾಗಲ್ಲ. ನಿಮ್ಮ ಗುಲಾಬಿ ಗಿಡಕ್ಕೆ ಬೇಕಾದ್ರೆ ಹೇಳಿ, ಒಂದು ಚೀಲ ತಂದ್ಕೊಡ್ತೀನಿ.”

ನನ್ನ ಮಾನ ಸ್ವಲ್ಪವಾದರೂ ಉಳಿಸಿಕೊಳ್ಳಲು ಕೇಳಿದೆ: “ಒಂದು ಕಡೆ ಗೋಡೇನೇ ಇಲ್ವಲ್ಲ, ಬಾಗಿಲಿಗೆ ಬೀಗ ಯಾಕೆ ಮತ್ತೆ?”

“ಅಗುಳಿ ಮುರಿದಿದೆ. ಬೀಗ ಹಾಕ್ದಿದ್ರೆ ಗಾಳಿಗೆ ಬಡ್ಕೊಂಡೂ ಬಡ್ಕೊಂಡೂ ಬಾಗಿಲೂ ಹೋಗುತ್ತೆ. ಅಲ್ಲಿ ನೆಟ್ಟಗೆ ಉಳಿದಿರೋದೇ ಅದೊಂದು.” ಹೊರಟವರು ತಿರುಗಿ ನೋಡಿ, “ಬರ್ದಿದ್ದು ಚೆನ್ನಾಗಿದೆ. ಯಾರ ಬಗ್ಗೆ ಅಂತ ಗೊತ್ತಾಗ್ಲಿಲ್ಲ, ಅಷ್ಟೇ,” ಎಂದರು.

ಮರುವಾರ ನನ್ನ ಮನೆ ಮುಂದೆ ಹಿಕ್ಕೆಯ ಚೀಲ ಬಂದಿತ್ತು. ನಮ್ಮ ಸ್ನೇಹ ಶುರುವಾದದ್ದು ಹಾಗೆ. ಆ ವರ್ಷ ಗುಲಾಬಿ ಚೆನ್ನಾಗಿ ಬಿಟ್ಟಿತು.

ಡೊರೀನ್ ಇಪ್ಪತ್ನಾಲ್ಕನೆಯ ವಯಸ್ಸಿಗೆ ಇಲ್ಲಿಗೆ ಬಂದದ್ದು ವಿಲ್ಫ್ ಪಿಂಚ್‌ಬೆಕ್ ಎಂಬ ಕುರುಬನನ್ನು ಮದುವೆಯಾಗಿ. ಅವನು ರಜೆಯಲ್ಲಿ ಸಮುದ್ರ ನೋಡಲು ಹೋಗಿ, ಸಮುದ್ರಕ್ಕೆ ಬೆನ್ನು ಹಾಕಿ ಹುರಿದ ಮೀನು ತಿನ್ನುತ್ತ ಕೂತಿದ್ದನಂತೆ. “ಮೀನಿನ ವಾಸನೆ ಬಿಟ್ಟು ಕುರಿ ವಾಸನೆಗೆ ಬಂದೆ. ಬಡ್ತಿ ಅಂದ್ಕೊಂಡಿದ್ದೆ,” ಎನ್ನುತ್ತಾರೆ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿದರು. ಕುರಿಗಳನ್ನು ಒಂದು ದಿನವೂ ಇಷ್ಟಪಡಲಿಲ್ಲ. ಹದಿನೇಳು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ, ಕುರಿಗಳು ಮರಿ ಹಾಕುವ ಕಾಲದಲ್ಲಿ, ವಿಲ್ಫ್ ಹಸ್ಕಬಿಯ ಹುಲ್ಲುಗಾವಲಿನಲ್ಲೇ ಕೂತಲ್ಲಿಂದ ಏಳಲಿಲ್ಲ. ಅವನು ಮೊದಲೇ ಹೇಳಿಟ್ಟಿದ್ದಂತೆ ಆ ಪಾಳು ಚರ್ಚಿನ ದಕ್ಷಿಣ ಗೋಡೆಯ ಪಕ್ಕ ಅವನನ್ನು ಮಣ್ಣು ಮಾಡಿದರು. ಕಲ್ಲಿನ ಮೇಲ್ಭಾಗದಲ್ಲಿ ಅವನ ಹೆಸರಿದೆ. ಕೆಳಗಿನ ಅರ್ಧ ಖಾಲಿ. ಆ ಅರ್ಧ ಡೊರೀನ್ ಅವರದು.

ಅದೇ ವರ್ಷ ಬೀಗದ ಕೈಯೂ ಕೊರಳಿಗೆ ಬಿತ್ತು. ಅದರ ಜೊತೆಗೆ ಹಾಜರಿಯ ಕೆಲಸವೂ ಬಂತು. ಅಸಲು ಕಷ್ಟ ಅದರದೇ.

ಸುಮಾರು ನೂರೈವತ್ತು ವರ್ಷದ ಹಿಂದೆ ಬಿನ್‌ಹೋಮಿನಲ್ಲಿ ಒಬ್ಬ ಪಾದ್ರಿ ಇದ್ದ. ಪದ್ಯ ಬರೆಯುತ್ತಿದ್ದ, ಕೆಲಸ ಕಡಿಮೆ ಇತ್ತು. ಹಳೆಯ ಕಂದಾಯದ ಪಟ್ಟಿಯೊಂದರಲ್ಲಿ ಹಸ್ಕಬಿಯ ಕೊನೆಯ ಹದಿನಾಲ್ಕು ಮನೆಗಳ ಯಜಮಾನರ ಹೆಸರು ಅವನಿಗೆ ಸಿಕ್ಕಿತು. ಅವನೊಂದು ಪದ್ಧತಿ ಹಾಕಿದ: ಪ್ರತಿ ವರ್ಷ ಜೂನ್ ತಿಂಗಳಲ್ಲಿ ಸಂತ ಬೊಟಾಲ್ಫನ ದಿನ ಮುಗಿದ ಮೇಲಿನ ಭಾನುವಾರ ಆ ಪಾಳು ಚರ್ಚಿನಲ್ಲಿ ಪ್ರಾರ್ಥನೆ ಮಾಡಿ, ಆ ಹೆಸರುಗಳನ್ನು ಒಂದೊಂದಾಗಿ ಕೂಗುವುದು. ಪ್ರತಿ ಹೆಸರಿಗೂ ಈ ಸೀಮೆಯ ಬದುಕಿರುವ ಒಬ್ಬರು ‘ಇದ್ದೀನಿ’ ಎನ್ನುವುದು. ಒಂದು ಬಾಯಿಗೆ ಒಂದೇ ಹೆಸರು. ಕೂಗುವವರು ಉತ್ತರ ಹೇಳುವಂತಿಲ್ಲ. ಎಲ್ಲ ಹೆಸರಿಗೂ ಉತ್ತರ ಬಂದರೆ ಆ ಚರ್ಚು ಇನ್ನೊಂದು ವರ್ಷಕ್ಕೆ ಬದುಕಿದೆ ಎಂದು ಲೆಕ್ಕ. ಪಾದ್ರಿ ಸತ್ತ, ಪದ್ಯಗಳೂ ಸತ್ತವು. ಈ ಪದ್ಧತಿ ಮಾತ್ರ ಹೇಗೋ ಬಿಷಪ್ಪರ ಕಚೇರಿಯ ಕಡತಕ್ಕೆ ಸೇರಿ ಬದುಕಿಕೊಂಡಿತು.

ಹದಿನಾಲ್ಕು ಜನ ಎಂದರೆ ಏನು ಮಹಾ ಎನ್ನಬಹುದು. ನಮ್ಮ ಕಡೆ ಭಾನುವಾರ ಬೆಳಿಗ್ಗೆ ಹದಿನಾಲ್ಕು ಜನರನ್ನು, ರಸ್ತೆಯಿಲ್ಲದ ದಿಬ್ಬದಾಚೆ, ಗಾಳಿಯಲ್ಲಿ ಒಂದು ಗಂಟೆ ನಿಲ್ಲಿಸಿ ನೋಡಿದವರಿಗೆ ಗೊತ್ತು. ಡೊರೀನ್ ಈಸ್ಟರ್ ಮುಗಿದ ಕೂಡಲೇ ಮನೆಮನೆ ತಿರುಗಲು ಶುರು ಮಾಡುತ್ತಿದ್ದರು. ಮಂಡಿ ಎರಡೂ ಹೋಗಿತ್ತು. ಬಾಗಿಲು ತಟ್ಟುವುದು, ಕಾಯುವುದು, ನೆಪ ಕೇಳುವುದು.

“ಹೋದ ವರ್ಷ ಬಂದಿದ್ನಲ್ಲ, ಡೊರೀನ್!”

“ಹೋದ ವರ್ಷ ಊಟಾನೂ ಮಾಡಿದ್ಯಲ್ಲ. ಈ ವರ್ಷ ಬಿಟ್ಟಿದೀಯಾ?”

“ಅವತ್ತು ನನ್ನ ನಾಯಿಗೆ ಸ್ನಾನ ಮಾಡಿಸ್ಬೇಕು.”

“ಅಲ್ಲಿಗೇ ಕರ್ಕೊಂಡ್ಬಾ. ಮಳೆ ಬಂದೇ ಬರುತ್ತೆ.”

ಬಂದವರಿಗೆಲ್ಲ ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಒಂದೊಂದು. ಆ ಬ್ರೆಡ್ಡಿನ ಆಸೆಗೇ ನಾಲ್ಕೈದು ಜನ ಬರುತ್ತಿದ್ದರು. ನಾನೂ ಅವರಲ್ಲೊಬ್ಬ. ಆದರೂ ಕಡಿಮೆ ಬಿದ್ದ ವರ್ಷಗಳಿದ್ದವು. ಆಗ ಹಿಂದೆ ನಿಂತವರು ಯಾರೋ ದನಿ ಬದಲಿಸಿ ಎರಡನೇ ಸಲ ‘ಇದ್ದೀನಿ’ ಎನ್ನುತ್ತಿದ್ದರು. ನಮ್ಮ ಪಾದ್ರಿ ರೋಸಲಿಂಡ್ ಆ ಹೊತ್ತಿಗೆ ಆಕಾಶ ನೋಡುತ್ತಿದ್ದರು. ಅವರ ಪಾಲಿಗೆ ಏಳು ಚರ್ಚುಗಳಿವೆ. ಆಕಾಶ ನೋಡುವುದು ಅವರಿಗೆ ಸಿಗುವ ಒಂದೇ ವಿಶ್ರಾಂತಿ.

ಹೋದ ವರ್ಷ ಏಪ್ರಿಲ್‌ನಲ್ಲಿ ಬಿಷಪ್ಪರ ಕಚೇರಿಯಿಂದ ಕಾಗದ ಬಂತು. ಬಳಕೆಯಲ್ಲಿಲ್ಲದ ಚರ್ಚುಗಳ ಪರಿಶೀಲನೆ ನಡೆಯುತ್ತಿದೆ. ಹಸ್ಕಬಿಯ ಹಾಜರಿ ನೋಡಲು ಈ ಸಲ ಅಧಿಕಾರಿಯೊಬ್ಬರು ಬರುತ್ತಾರೆ. ಕೂಗಿದ ಹೆಸರುಗಳಲ್ಲಿ ಒಂದಕ್ಕಾದರೂ ಉತ್ತರ ಬಾರದಿದ್ದರೆ ಚರ್ಚನ್ನು ಪಟ್ಟಿಯಿಂದ ತೆಗೆಯಲಾಗುವುದು, ಅದರ ನೆಲದಲ್ಲಿ ಮುಂದೆ ಯಾರನ್ನೂ ಹೂಳಲಾಗದು.

ಡೊರೀನ್ ಆ ಕಾಗದವನ್ನು ನನ್ನ ಅಡುಗೆಮನೆ ಮೇಜಿನ ಮೇಲಿಟ್ಟು, ಕೋಟು ಬಿಚ್ಚದೆ ಕೂತರು. “ಬಿನ್‌ಹೋಮಿನಲ್ಲೇ ಬೇಕಾದಷ್ಟು ಜಾಗ ಇದೆ ಅಂತ ಫೋನಲ್ಲಿ ಹೇಳ್ದ. ಕಾರ್ ನಿಲ್ಸೋ ಜಾಗದ ಪಕ್ಕ. ಅನುಕೂಲ ಅಂತೆ.”

ನಾನು ಟೀ ಬಗ್ಗಿಸಿ ಕೊಟ್ಟೆ.

“ಮದುವೆ ಆದಾಗಿಂದ ಸಾಯೋತನಕ ವಿಲ್ಫ್ ನನ್ನ ಹತ್ರ ಕೇಳಿದ್ದು ಎರಡೇ. ಆಲೂಗಡ್ಡೆಗೆ ಉಪ್ಪು ಕಡಿಮೆ ಹಾಕು, ಆಮೇಲೆ ಪಕ್ಕದಲ್ಲಿ ಬಂದು ಮಲಕ್ಕೊ. ಮೊದಲ್ನೇದು ಮಾಡ್ಲಿಲ್ಲ.” ಟೀ ಕುಡಿದು ಎದ್ದರು. “ನಡೀರಿ, ನಿಮ್ಮ ಹೆಸರು ಬರ್ಕೊಂಡೆ. ಇನ್ನು ಹದಿಮೂರು.”

ಇನ್ನು ನಮ್ಮ ಹಂಫ್ರಿ ಲೆವೆರಿಕ್ ಅವರ ವಿಷಯಕ್ಕೆ ಬರಬೇಕು. ಒಂಬತ್ತು ಸದಸ್ಯರ ಸ್ಥಳೀಯ ಇತಿಹಾಸ ಸಂಘಕ್ಕೆ ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ವಿಮಾ ಕಂಪನಿಯಿಂದ ನಿವೃತ್ತರಾದ ಮೇಲೆ ಹದಿನಾಲ್ಕನೆಯ ಶತಮಾನವನ್ನು ಅವರು ಪೂರ್ತಿ ವಹಿಸಿಕೊಂಡಿದ್ದಾರೆ. ಹಸ್ಕಬಿಯನ್ನು ಪ್ಲೇಗು ಒಂದೇ ಬೇಸಿಗೆಯಲ್ಲಿ ನುಂಗಿತು ಎಂದು ಹೇಳುವಾಗ ಅವರ ದನಿ ಕಂಪಿಸುತ್ತದೆ. ತಮಗೇ ಸೋಂಕು ತಗುಲಿದ ಹಾಗೆ ಹೇಳುತ್ತಾರೆ.

“ಪ್ಲೇಗೂ ಇಲ್ಲ ಗೀಗೂ ಇಲ್ಲ,” ಎನ್ನುತ್ತಿದ್ದರು ಡೊರೀನ್. “ಪ್ಲೇಗಲ್ಲಿ ಎಲ್ರೂ ಸತ್ತಿದ್ರೆ ಆಮೇಲೆ ಕಂದಾಯ ಕಟ್ಟಿದ್ಯಾರು, ದೆವ್ವನಾ? ಜಮೀನ್ದಾರನಿಗೆ ಉಣ್ಣೆ ಬೇಕಾಯ್ತು. ಉಣ್ಣೆಗೆ ಕುರಿ ಬೇಕಾಯ್ತು, ಕುರಿಗೆ ಹುಲ್ಲು. ಜನಕ್ಕೆ ಹೊರಡಿ ಅಂದ. ಹೊರಟ್ರು.”

ಕಾಗದಪತ್ರಗಳೂ ಅದನ್ನೇ ಹೇಳುತ್ತವೆ. ಜನ ಹೋದ ಮೇಲೂ ಒಬ್ಬ ಪಾದ್ರಿ ಕೆಲವು ವರ್ಷ ಬಂದು ಒಬ್ಬ ಕುರುಬನಿಗೂ ಅವನ ನಾಯಿಗೂ ಉಪದೇಶ ಮಾಡುತ್ತಿದ್ದ. ಬಳಿಕ ಚಾವಣಿಗೆ ಹೊದಿಸಿದ್ದ ಸೀಸದ ತಗಡು ಹೋಯಿತು, ತೊಲೆ ಹೋದವು, ಗಂಟೆ ಬಿನ್‌ಹೋಮಿಗೆ ಬಂತು. ಗೋಡೆಯ ಕಲ್ಲು ಪಕ್ಕದ ಜಮೀನಿನ ಕೊಟ್ಟಿಗೆಯಾಯಿತು. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಯಲ್ಲಿ ಹಂಫ್ರಿಯವರ ಹಿತ್ತಿಲಿನ ಹೂವುಗಳು ಬೆಳೆಯುತ್ತಿವೆ. ಅದನ್ನು ಅವರು ‘ಸಂರಕ್ಷಣೆ’ ಎನ್ನುತ್ತಾರೆ.

ಆ ವರ್ಷ ಹೆಸರು ಕೂಗುವ ಗೌರವ ತಮಗೆ ಬೇಕೆಂದು ಹಂಫ್ರಿ ಕೇಳಿದರು. ಡೊರೀನ್ ಕೂಡಲೇ ಒಪ್ಪಿದರು. ಹಂಫ್ರಿ ಹೇಗೂ ಉತ್ತರ ಹೇಳುವ ಸಾಲಿಗೆ ಬರುವವರಲ್ಲ, ಪಾದ್ರಿ ಕೂಗದಿದ್ದರೆ ಪಾದ್ರಿಯ ಬಾಯಿ ಒಂದು ಉತ್ತರಕ್ಕೆ ಸಿಗುತ್ತದಲ್ಲ! ಜೂನ್ ಮೊದಲ ವಾರದಲ್ಲಿ ಅವರ ಚೀಟಿ ಭರ್ತಿಯಾಯಿತು. ರೋಸಲಿಂಡ್, ನಾನು, ನಾಯಿಯ ಯಜಮಾನ, ಅವನ ಹೆಂಡತಿ, ಹೀಗೆ ಹದಿನಾಲ್ಕು. ಬದಲಿಗೆ ಅಂತ ಒಬ್ಬರೂ ಇರಲಿಲ್ಲ. “ಯಾರಾದ್ರೂ ಅವತ್ತು ಕಾಯ್ಲೆ ಬಿದ್ರೆ ನಾನೇ ಬಂದು ಹೊತ್ಕೊಂಡು ಹೋಗ್ತೀನಿ,” ಎಂದು ಎಲ್ಲರಿಗೂ ಹೇಳಿ ಬಂದಿದ್ದರು.

ಅದೇ ವಾರ ಹಂಫ್ರಿಯವರೂ ನಾನೂ ಜಿಲ್ಲಾ ದಾಖಲೆ ಕಚೇರಿಗೆ ಹೋಗಿ ಆ ಮೂಲ ಕಂದಾಯದ ಪಟ್ಟಿ ತೆಗೆಸಿ ನೋಡಿದೆವು. ಚರ್ಮದ ಹಾಳೆ. ಕೆಳಗಿನ ಮೂಲೆ ಮಡಚಿ ಅಂಟಿಕೊಂಡಿತ್ತು. ಕಚೇರಿಯ ಹುಡುಗಿ ಅದನ್ನು ಮೆಲ್ಲಗೆ ಬಿಡಿಸಿದಳು. ಅಲ್ಲಿ ಇನ್ನೊಂದು ಸಾಲಿತ್ತು: ಆಲಿಸ್, ವಿಧವೆ, ಬಡವಳು, ಏನೂ ಕೊಡುವುದಿಲ್ಲ.

ಹಂಫ್ರಿ ನನ್ನ ತೋಳು ಹಿಡಿದರು. “ಹದಿನೈದು! ಐದು ಶತಮಾನ ಯಾರೂ ಈಕೆಯ ಹೆಸರು ಉಚ್ಚರಿಸಿಲ್ಲ. ಯಾರಿಗೂ ಹೇಳ್ಬೇಡಿ. ಅವತ್ತು ಅಲ್ಲೇ ಓದ್ತೀನಿ. ಐತಿಹಾಸಿಕ ಕ್ಷಣ!”

ನಾನು ಹೇಳಲಿಲ್ಲ. ಇದನ್ನು ಹೇಗೆ ಬರೆಯುವುದೆಂದು ಯೋಚಿಸುತ್ತಿದ್ದೆ. ಹಾಳೆಯ ಚರ್ಮ ಕರುವಿನದೋ ಕುರಿಯದೋ ಎಂದು ದಾರಿಯುದ್ದಕ್ಕೂ ಚರ್ಚೆ ಮಾಡಿಕೊಂಡು ಬಂದೆವು. ಹೆಸರು ಒಂದು ಹೆಚ್ಚಾದರೆ ಬಾಯಿಯೂ ಒಂದು ಹೆಚ್ಚು ಬೇಕು ಎಂಬುದು ಇತಿಹಾಸ ಸಂಘದ ಅಧ್ಯಕ್ಷರಿಗೂ ಹೊಳೆಯಲಿಲ್ಲ, ಕಾರ್ಯದರ್ಶಿಗೂ ಹೊಳೆಯಲಿಲ್ಲ.

ಆ ಭಾನುವಾರ ಜಿನುಗುಮಳೆ, ಅದರ ಮೇಲೆ ಕೊಡೆ ಮಗುಚುವ ಗಾಳಿ. ಹದಿನಾಲ್ಕು ಜನವೂ ಬಂದಿದ್ದರು. ಒಬ್ಬಳು ಜ್ವರದಲ್ಲೇ ಬಂದಿದ್ದಳು. ಹೊತ್ತುಕೊಂಡು ಹೋಗುತ್ತಾರೆಂಬ ಭಯ. ಬಿಷಪ್ಪರ ಕಚೇರಿಯ ಮನುಷ್ಯ ಹಾಳೆ ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೂಲೆಯಲ್ಲಿ ನಿಂತಿದ್ದ. ಪಟ್ಟಣದ ಪತ್ರಿಕೆಯಿಂದ ಒಬ್ಬ ವರದಿಗಾರ್ತಿಯನ್ನು ಹಂಫ್ರಿ ಕರೆಸಿದ್ದರು. ಇವರಿಬ್ಬರೂ ಹೊರಗಿನವರು, ಉತ್ತರ ಹೇಳುವ ಹಾಗಿಲ್ಲ. ಡೊರೀನ್ ಎಂದಿನಂತೆ ಬಾಗಿಲ ಹೊರಗೆ, ತೆರೆದ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅಗುಳಿ ಇಲ್ಲದ ಬಾಗಿಲು, ಪ್ರಾರ್ಥನೆ ಮುಗಿಯುವವರೆಗೆ ಬೀಗ ಹಾಕುವಂತೆಯೂ ಇಲ್ಲ. ಯಾರೂ ಹಿಡಿಯದಿದ್ದರೆ ಬಡಿತದ ಸದ್ದಿನಲ್ಲಿ ಪ್ರಾರ್ಥನೆ ಕೇಳುವುದಿಲ್ಲ. ಹದಿನೇಳು ವರ್ಷದಿಂದ ಅವರು ಆ ಪ್ರಾರ್ಥನೆಯನ್ನು ಹೊರಗಿನಿಂದಲೇ ಕೇಳಿದ್ದು.

ಹಂಫ್ರಿ ಹೆಸರು ಕೂಗಿದರು. “ರಾಬರ್ಟ್, ಗಿರಣಿಯವನು!” ಅದು ನಾನು. “ಇದ್ದೀನಿ,” ಎಂದೆ. “ಹ್ಯೂ, ಕೊಳದ ದಂಡೆಯವನು!” ರೋಸಲಿಂಡ್ ಆಕಳಿಸುತ್ತ “ಇದ್ದೀನಿ,” ಎಂದರು. ಹೀಗೆ ಹದಿನಾಲ್ಕನೆಯದೂ ಮುಗಿಯಿತು. ಬಾಗಿಲಾಚೆ ಡೊರೀನ್ ಅವರ ಭುಜ ಎರಡು ಅಂಗುಲ ಇಳಿದದ್ದು ನನಗೆ ಕಂಡಿತು. ಅವರು ಕಾಲಿನಿಂದಲೇ ಬ್ರೆಡ್ಡಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು.

ಹಂಫ್ರಿ ಹಾಳೆ ಮಡಚಲಿಲ್ಲ. ಎದೆ ಉಬ್ಬಿಸಿ, “ಹದಿನೈದನೆಯದಾಗಿ, ಇತಿಹಾಸ ಮರೆತ ಹೆಸರು. ಆಲಿಸ್, ವಿಧವೆ!” ಎಂದರು.

ಒಂದು ಕುರಿ ಕೆಮ್ಮಿತು. ಹಂಫ್ರಿ ನಗುಮುಖದಿಂದ ಇನ್ನೂ ಜೋರಾಗಿ ಕೂಗಿದರು. ಐತಿಹಾಸಿಕ ಕ್ಷಣ ನಿಮಿಷವಾಯಿತು.

“ಹಂಫ್ರಿ,” ರೋಸಲಿಂಡ್ ಮೆಲ್ಲಗೆ ಕೇಳಿದರು, “ಇದಕ್ಕೆ ಯಾರು ಹೇಳ್ಬೇಕು?”

“ಸಭೆ ಹೇಳ್ಬೇಕು.”

“ಸಭೆಯೆಲ್ಲ ಆಗ್ಲೇ ಖರ್ಚಾಗಿದೆ ಕಣ್ರೀ.”

ಹಂಫ್ರಿ ಸುತ್ತ ನೋಡಿದರು. ಎಣಿಸಿದರು. ಮತ್ತೆ ಎಣಿಸಿದರು. ಆ ಮುಖದಿಂದ ಹದಿನಾಲ್ಕನೆಯ ಶತಮಾನ ಇಳಿದು ಹೋಯಿತು. ಮಳೆಯಲ್ಲಿ ತೊಯ್ದ ವಿಮಾ ಅಧಿಕಾರಿಯೊಬ್ಬರು ಉಳಿದರು. “ಇದನ್ನ... ಇದು ಬರೀ ಮಾಹಿತಿಗಾಗಿ ಓದಿದ್ದು. ಬಿಟ್ಬಿಡೋಣ,” ಎಂದರು.

“ಕೂಗಿದ ಹೆಸರು ಅಂತ ಇದೆ ಸರ್ ನಿಯಮದಲ್ಲಿ,” ಎಂದ ಕಚೇರಿಯ ಮನುಷ್ಯ, ನಿಜವಾಗಿಯೂ ಬೇಸರದಿಂದ. “ನೀವು ಕೂಗಿದ್ರಲ್ಲ. ಎರಡು ಸಲ.”

“ಏನಂತೆ?” ಡೊರೀನ್ ಬಾಗಿಲಿಂದ ಕೇಳಿದರು. “ಹದಿನಾಲ್ಕು ಆದ್ಮೇಲೆ ಗಾಳೀಲಿ ಏನೂ ಕೇಳಿಸ್ಲಿಲ್ಲ. ಮುಗೀತಾ?”

ನಾನು ಹೋಗಿ ಹೇಳಿದೆ. ಯಾರ ತಪ್ಪು ಎಂದೂ ಹೇಳಿದೆ, ನನ್ನದನ್ನು ಸ್ವಲ್ಪ ಸಣ್ಣದು ಮಾಡಿ. ಅವರು ನನ್ನನ್ನು ಬೈಯಲಿಲ್ಲ. ಬೈಯಲೂ ಶಕ್ತಿ ಬೇಕು. ಈಸ್ಟರ್‌ನಿಂದ ಹತ್ತಿದ ಮೆಟ್ಟಿಲುಗಳೆಲ್ಲ ಒಮ್ಮೆಗೇ ಮಂಡಿಗೆ ಬಂದಂತೆ ಚೌಕಟ್ಟಿಗೆ ಒರಗಿದರು. ಗೋಡೆಯ ಪಕ್ಕ ವಿಲ್ಫ್‌ನ ಕಲ್ಲು ಕಾಣುತ್ತಿತ್ತು. ಅದರ ಖಾಲಿ ಅರ್ಧದ ಮೇಲೆ ನೀರು ಇಳಿಯುತ್ತಿತ್ತು.

“ಯಾರವಳು, ಆಲಿಸ್?”

“ವಿಧವೆ. ಬಡವಳು. ಏನೂ ಕೊಡುವುದಿಲ್ಲ ಅಂತ ಬರೆದಿದೆ.”

“ಹೂಂ.” ಚೌಕಟ್ಟಿಗೆ ಆನಿಸಿಟ್ಟಿದ್ದ ಕೋಲು ತೆಗೆದುಕೊಂಡರು. “ಹಾಗಾದ್ರೆ ಸುಮ್ನೆ ನಿಂತಿದೀರಲ್ಲ, ಬಾಗಿಲು ಹಿಡ್ಕೊಳ್ಳಿ.”

ಹಿಡಿದುಕೊಂಡೆ. ಗಾಳಿ ಆಚೆಯಿಂದ ಹೋರಿಯ ಹಾಗೆ ನೂಕುತ್ತಿತ್ತು. ಎರಡು ನಿಮಿಷಕ್ಕೆ ನನ್ನ ಭುಜ ಬಿದ್ದುಹೋಯಿತು. ಇಷ್ಟು ವರ್ಷ ನಾನು, ನನ್ನಂಥವರು, ಒಳಗೆ ನಿಂತು ಗೋಡೆಗಳ ಬಗ್ಗೆ ಮಾತಾಡಿದ್ದೆವು. ಬಾಗಿಲು ಎಷ್ಟು ಭಾರ ಎಂದು ಯಾರೂ ಕೇಳಿರಲಿಲ್ಲ.

ಡೊರೀನ್ ಕೋಲೂರಿಕೊಂಡು, ಒಂದೊಂದೇ ಹೆಜ್ಜೆ, ತಾವೇ ಗುಡಿಸಿದ್ದ ನೆಲದ ಮೇಲೆ ನಡೆದು ಹೋಗಿ ಎಲ್ಲರ ಸಾಲಿನ ಕೊನೆಯಲ್ಲಿ ನಿಂತರು. ಉಸಿರು ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತಾಯಿತು. ಯಾರೂ ಅವಸರ ಮಾಡಲಿಲ್ಲ.

“ಇದ್ದೀನಿ,” ಎಂದರು. ಆಮೇಲೆ ಕಚೇರಿಯ ಮನುಷ್ಯನ ಕಡೆ ತಿರುಗಿ, “ಬರ್ಕೊಳ್ಳಿ.”

“ನೀವು ಈ ಸೀಮೇಲೇ ವಾಸನಾ, ಅಮ್ಮ?”

“ಐವತ್ತೆರಡು ವರ್ಷದಿಂದ. ಇನ್ಮುಂದೆ ಎಷ್ಟು ವರ್ಷ ಅಂತ ನೀವು ಹೇಳ್ಬೇಕು.”

ಅವನು ಬರೆದುಕೊಂಡ. ಪ್ಲಾಸ್ಟಿಕ್ಕಿನೊಳಗೆ ಪೆನ್ನು ಹೊಗಿಸಲು ಒದ್ದಾಡಿದ, ಆದರೂ ಬರೆದ. “ಹದಿನೈದಕ್ಕೆ ಹದಿನೈದು,” ಎಂದು ಗಟ್ಟಿಯಾಗಿ ಓದಿದ. ನಾಯಿಯ ಯಜಮಾನ ಚಪ್ಪಾಳೆ ತಟ್ಟಲು ಹೋಗಿ, ಚರ್ಚಲ್ಲವೇ ಎಂದು ಕೈ ಜೇಬಿಗೆ ಹಾಕಿದ.

ಬ್ರೆಡ್ಡು ಹದಿನಾಲ್ಕೇ ಇದ್ದವು. ಹಂಫ್ರಿಯವರಿಗೆ ಸಿಗಲಿಲ್ಲ, ಕೂಗುವವರಿಗೆ ಕೊಡುವ ಪದ್ಧತಿ ಇಲ್ಲವಂತೆ. ಆ ಪದ್ಧತಿ ಅಂದು ಶುರುವಾಯಿತು ಎಂದು ನನ್ನ ಅನುಮಾನ. ಅವರು ವರದಿಗಾರ್ತಿಗೆ ಪ್ಲೇಗಿನ ಬಗ್ಗೆ ಇಪ್ಪತ್ತು ನಿಮಿಷ ಹೇಳಿದರು, ಕೊನೆಗೆ ಮೆತ್ತಗೆ, “ಆ ಹದಿನೈದನೇದನ್ನ ನಾನು ಮೊದಲೇ ಹೇಳ್ಬೇಕಿತ್ತು,” ಎಂದರು. ಅವರು ಅಷ್ಟು ಚಿಕ್ಕ ವಾಕ್ಯ ಆಡಿದ್ದನ್ನು ನಾನು ಕೇಳಿರಲಿಲ್ಲ.

ಡೊರೀನ್ ಬೀಗ ಹಾಕಿ, ವಿಲ್ಫ್‌ನ ಕಲ್ಲಿನ ಅಂಚಿಗೆ ಕೂತು ಬೂಟಿನ ಕೆಸರು ಕೆರೆಯುತ್ತಿದ್ದರು. ಹತ್ತಿರ ನಿಂತಿದ್ದ ಕುರಿಯನ್ನು ಕೋಲಿನಿಂದ ಅತ್ತ ತಳ್ಳಿದರು. ವರದಿಗಾರ್ತಿ ಕೊಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಒಳ್ಳೆಯ ಹುಡುಗಿ, ಕಣ್ಣು ಒದ್ದೆಯಾಗಿತ್ತು.

“ಐನೂರು ವರ್ಷದ ಮೌನದ ನಂತರ ಆ ಬಡ ವಿಧವೆಯ ದನಿ ನೀವಾದ್ರಿ. ಈ ಮಣ್ಣಲ್ಲೆಲ್ಲೋ ಮಲಗಿರೋ ಆ ಆಲಿಸ್‌ಗೆ ಇವತ್ತು ನೀವು ಏನು ಹೇಳೋಕೆ ಇಷ್ಟಪಡ್ತೀರಿ?”

ಡೊರೀನ್ ಬೂಟಿನಿಂದ ತಲೆ ಎತ್ತಲಿಲ್ಲ.

“ಸ್ವಲ್ಪ ಆ ಕಡೆ ಸರಿದು ಮಲಕ್ಕೊ ಅಂತ. ನಂಗೂ ಜಾಗ ಬೇಕು.”